ಮೆಲುದನಿಯ ಬಾಣಂತಿಯರು

ಹುಬ್ಬಳ್ಳಿಯ ದಾಕ್ಷಾಯಣಿ ಡಲ್ಲಾಸಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಆಸ್ಪತ್ರೆಯಲ್ಲಿ ನರ್ಸಾಗಿ ಓಡಾಡಿ ಮೊಣಕಾಲು ಸವೆದ ಮೇಲೆ, ಊರ ಪಕ್ಕದ ರಿಚರ್ಡ್‌ಸನ್ನಿನಲ್ಲಿರುವ ತನ್ನ ಮನೆಯಲ್ಲೇ ಕೂತು ಫೋನಿನಲ್ಲಿ ಬಾಣಂತಿಯರ ತೊಂದರೆ ಕೇಳುವ ಕೆಲಸ ಹಿಡಿದಿದ್ದಾಳೆ. ಟೆಕ್ಸಸಿನ ಯಾವ ಮೂಲೆಯಿಂದಲಾದರೂ ಕರೆ ಬರಬಹುದು. ಕಂಪನಿ ಕೊಟ್ಟ ಪ್ರಶ್ನೆಗಳ ಪಟ್ಟಿ ಎದುರಿಗಿರುತ್ತದೆ. ಮೊದಲ ಪ್ರಶ್ನೆ: ನಿಮ್ಮ ನೋವಿಗೆ ಹತ್ತರಲ್ಲಿ ಎಷ್ಟು ಅಂಕ? ಹೆತ್ತು ಹಣ್ಣಾದವಳು ನೋವಿಗೆ ಅಂಕ ಬೇರೆ ಕೊಡಬೇಕಂತೆ!

ಹೋದ ವರ್ಷ ಹ್ಯೂಸ್ಟನ್ನಿನಿಂದ ಕಪ್ಪು ಜನಾಂಗದ ಒಬ್ಬ ಹೆಂಗಸು ಕರೆ ಮಾಡಿದ್ದಳು. ಹೆರಿಗೆಯಾಗಿ ನಾಲ್ಕು ದಿನ, ತಲೆನೋವು. ಅಂಕ ಮೂರು ಎಂದಳು. ತಗ್ಗಿದ ದನಿ, ಮಾತಿಗೊಮ್ಮೆ ಥ್ಯಾಂಕ್ಯೂ ಮ್ಯಾಮ್. ದಾಕ್ಷಾಯಣಿಯ ತವರಿನಲ್ಲಿ, ಹಡೆಯುವಾಗ ಹೊರಗೆ ದನಿ ಕೇಳಿಸದವಳನ್ನೇ ಎಲ್ಲರೂ ಹೊಗಳುತ್ತಿದ್ದರು. ಎಂಥಾ ಗಟ್ಟಿ ಹುಡುಗಿ ಅಂದುಕೊಂಡು, ನೀರು ಕುಡಿಯಿರಿ, ಮಲಗಿ, ನಾಳೆ ಡಾಕ್ಟರಿಗೆ ತೋರಿಸಿ ಎಂದು ಪಟ್ಟಿಯಲ್ಲಿದ್ದಂತೆ ಹೇಳಿದಳು. ಆ ಹೆಂಗಸು ಮರುದಿನ ತೀರಿಕೊಂಡಳು. ಕಂಪನಿಯವರು ರೆಕಾರ್ಡಿಂಗ್ ಕೇಳಿ, ನಿಮ್ಮದೇನೂ ತಪ್ಪಿಲ್ಲ ಎಂದರು. ಈ ರಾಜ್ಯದಲ್ಲಿ ಬಿಳಿಯ ಬಾಣಂತಿಯರಿಗಿಂತ ಕಪ್ಪು ಬಾಣಂತಿಯರು ಎರಡರಷ್ಟಕ್ಕಿಂತಲೂ ಹೆಚ್ಚು ಸಾಯುತ್ತಾರೆಂದು ತರಬೇತಿಯಲ್ಲಿ ಅವಳೇ ಬರೆದುಕೊಂಡಿದ್ದಳು. ಬರೆದುಕೊಂಡು ಏನು ಬಂತು, ಮಣ್ಣು! ಅಂದಿನಿಂದ ಅಂಕ ಕೇಳುತ್ತಾಳೆ, ಆದರೆ ನಂಬುವುದಿಲ್ಲ. ಪಟ್ಟಿಯಲ್ಲಿಲ್ಲದ ತನ್ನದೊಂದು ಪ್ರಶ್ನೆ ಸೇರಿಸಿಕೊಂಡಿದ್ದಾಳೆ.

ಈ ಮಾರ್ಚಿನ ಒಂದು ಮಧ್ಯಾಹ್ನ ಆಸ್ಟಿನ್ ಕಡೆಯ ಲಿಯಾಂಡರಿನಿಂದ ರೋಷೆಲ್ ಎಂಬ ಟೀಚರ್ ಕರೆ ಮಾಡಿದಳು. ಅವಳೂ ಕಪ್ಪು ಜನಾಂಗದವಳು. ಹೆರಿಗೆಯಾಗಿ ಐದು ದಿನ, ತಲೆನೋವು, ಅಂಕ ಎರಡೋ ಮೂರೋ. ಅದೇ ತಗ್ಗಿದ ದನಿ.

"ಇವತ್ತು ನಿಮ್ಮ ಕೈಲಿ ಏನು ಮಾಡೋಕಾಗಲಿಲ್ಲ, ಹೇಳಿ," ಎಂದು ದಾಕ್ಷಾಯಣಿ ತನ್ನ ಪ್ರಶ್ನೆ ಕೇಳಿದಳು.

"ಮಗುವಿನ ಅಂಗಿಗೆ ಗುಂಡಿ ಹಾಕೋಕಾಗಲಿಲ್ಲ ಮ್ಯಾಮ್. ಒಂದು ಗುಂಡಿ ಎರಡಾಗಿ ಕಾಣ್ತಿತ್ತು."

ಬಾಣಂತಿಯ ಬಿ.ಪಿ. ಏರಿ ಕಣ್ಣು ಮಂಜಾಯಿತೆಂದರೆ ಕೈಯಲ್ಲಿ ಹೆಚ್ಚು ಹೊತ್ತಿರುವುದಿಲ್ಲ. ಈ ಕ್ಷಣವೇ ಗಂಡನ ಜೊತೆ ಎಮರ್ಜೆನ್ಸಿಗೆ ಹೋಗಿ ಎಂದಳು. ಮರುದಿನ ವಿಚಾರಿಸಿದರೆ ಸಾಕೆಂದು ಕಂಪನಿಯ ನಿಯಮ. ಅವಳಿಗೆ ತಡೆಯಲಾಗಲಿಲ್ಲ; ಒಂದು ಗಂಟೆಗೇ ಮತ್ತೆ ಫೋನ್ ಮಾಡಿದಳು.

"ಇಲ್ಲೇ ಎಮರ್ಜೆನ್ಸಿಯ ಕುರ್ಚಿಯಲ್ಲಿ ಕೂತಿದ್ದೀನಿ. ನಿದ್ದೆಗೆಟ್ಟಿರಬೇಕು, ಕಾಯಿರಿ ಅಂದ್ರು ಕೌಂಟರಿನವರು," ಎಂದಳು ರೋಷೆಲ್. ಬಿ.ಪಿ.ಯನ್ನು ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ದಾಕ್ಷಾಯಣಿಯ ಗಂಡ ಮೋಹನರಾಜ ಬಾಗಿಲಲ್ಲಿ ಇಣುಕಿ, "ಊಟ ಆರಾಕ ಹತ್ತೈತಿ, ಬಾ," ಎಂದ.

"ಸುಮ್ಕಿರ್ರಿ, ಅಲ್ಲೊಂದು ಜೀವ ಹೊಂಟೈತಿ!" ಎಂದು ಗದರಿ ಆಸ್ಪತ್ರೆಯ ಕೌಂಟರಿಗೆ ಫೋನ್ ಹಚ್ಚಿದಳು.

"ಆಕೆ ಚೆನ್ನಾಗೇ ಇದ್ದಾರೆ, ಆರಾಮಾಗಿ ಮಾತಾಡ್ತಿದ್ದಾರೆ," ಎಂದಳು ಅಲ್ಲಿನ ನರ್ಸ್.

"ಹೆರಿಗೆಯಾಗಿ ಐದೇ ದಿನ, ತಲೆನೋವು, ಕಣ್ಣು ಮಂಜು. ಮಾತಾಡ್ತಾ ಮಾತಾಡ್ತಾನೇ ಜೀವ ಹೋಗುತ್ತೆ. ಈಗಲೇ ಬಿ.ಪಿ. ನೋಡಿ. ನಾನು ಫೋನ್ ಇಡೋದಿಲ್ಲ."

ಇಡಲೂ ಇಲ್ಲ. ಕೊನೆಗೆ ಬಿ.ಪಿ. ನೋಡಿದರು: ಮೇಲಿನದು ನೂರ ಎಂಬತ್ತೆರಡು, ಕೆಳಗಿನದು ನೂರ ಹದಿನೆಂಟು. ಆಮೇಲೆ ಫೋನಿನಲ್ಲಿ ಬರೀ ಜನ ಓಡುವ ಸದ್ದು ಕೇಳಿಸಿತು.

ರೋಷೆಲ್ ಬದುಕಿಕೊಂಡಳು. ವಾರದ ನಂತರ ಅವಳೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಾಗ ದಾಕ್ಷಾಯಣಿ ಹಿಗ್ಗಿಹೋದಳು. ಹಿಗ್ಗಿನಲ್ಲಿ ನಾಲಿಗೆ ತುದಿಗೆ ಬಂದದ್ದನ್ನು ಕೇಳಿಯೂಬಿಟ್ಟಳು.

"ಅಲ್ಲ, ಅಷ್ಟು ಮೆತ್ತಗೆ ಯಾಕೆ ಕೂತಿದ್ರಿ? ಒಂದಿಷ್ಟು ಜೋರು ಮಾಡಬಾರದಿತ್ತಾ?"

"ನಮ್ಮಕ್ಕನ ಹೆರಿಗೆಯಲ್ಲಿ ಅಮ್ಮ ಜೋರು ಮಾಡಿದ್ರು ಮ್ಯಾಮ್. ಆಸ್ಪತ್ರೆಯವರು ಸೆಕ್ಯೂರಿಟಿ ಕರೆಸಿ ಅಮ್ಮನ್ನೇ ಹೊರಗೆ ಹಾಕಿದ್ರು."

ರೋಷೆಲ್ ಬೇಜಾರೇನೂ ತೋರಿಸದೆ ಮುಂದುವರಿಸಿದಳು.

"ಆವತ್ತು ಕೌಂಟರಿನವರಿಗೆ ನೀವು ಏನು ಹೇಳಿದ್ರೋ ಅದನ್ನೇ ನಾನೂ ಹೇಳಿದ್ದೆ. ನಿಮಗಿಂತ ಮುಂಚೆ, ಎರಡು ಸಲ."