ತುದಿ ಮುರಿಯದ ಬೆಂಡೆಕಾಯಿ

ಬೆಂಡೆಕಾಯಿಯ ತುದಿ ಚಟ್ಟನೆ ಮುರಿಯುವ ಸದ್ದನ್ನು ನೀವೂ ಕೇಳಿರುತ್ತೀರಿ. ಎಳೆಯದಾದರೆ ಮುರಿಯುತ್ತದೆ, ಬಲಿತಿದ್ದರೆ ಬಾಗುತ್ತದೆ. ಇವತ್ತು ಬೆಳಿಗ್ಗೆ ಕಮರಿಪೇಟೆಯಲ್ಲಿ, ಉಪ್ಪಿನಬೆಟಗೇರಿಯಿಂದ ತರಕಾರಿ ಮಾರಲು ಬರುವ ಗಂಗವ್ವನ ಬುಟ್ಟಿಯ ಮುಂದೆ ಕೂತು ಒಂದು ಕಾಯಿಯ ತುದಿ ಮುರಿದೆ. ಆ ಸದ್ದಿಗೆ ಅತ್ತೆ ನೆನಪಾದರು. ಅವರು ತೀರಿಕೊಂಡ ಮೇಲೆ ತರಕಾರಿ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಲಿಯವರೆಗೆ ನನಗೆ ಧಾರಣೆಯೂ ಗೊತ್ತಿರಲಿಲ್ಲ.

ನಾನು ಗೋಕುಲ ರಸ್ತೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಹುಡುಗಿಯರಿಗೆ ಪಿಂಗಾಣಿ ಪಾತ್ರೆಗಳ ಚಿತ್ರ ಬರೆಯಲು ಕಲಿಸುತ್ತೇನೆ. ನಮ್ಮಲ್ಲಿ ಸುಡುವ ಭಟ್ಟಿಯಿಲ್ಲ, ಜೇಡಿಮಣ್ಣೂ ಇಲ್ಲ. ಹೂಜಿ, ಬರಣಿಗಳೆಲ್ಲ ಕಾಗದದ ಮೇಲೆಯೇ. ಹಾಗಾಗಿ ಇದುವರೆಗೆ ಒಂದೂ ಒಡೆದಿಲ್ಲ. ಗಿಡಬಳ್ಳಿ ನೋಡಿ ಪಾತ್ರೆಗೆ ಆಕಾರ ಹುಡುಕಿರೆಂದರೆ ಎಲ್ಲರೂ ಕಮಲವನ್ನೇ ಬರೆಯುತ್ತಿದ್ದರು. ಬೇಸತ್ತು ಮನೆಯ ತರಕಾರಿಯನ್ನೇ ಒಯ್ಯತೊಡಗಿದೆ. ಬೆಂಡೆಕಾಯಿಯನ್ನು ತೊಟ್ಟು ಕೆಳಗಾಗಿ ನಿಲ್ಲಿಸಿ ನೋಡಿ. ತೊಟ್ಟಿನ ಟೋಪಿಯೇ ಬರಣಿಯ ಪೀಠ, ಮೈಯ ಏಣುಗಳು ಏರುತ್ತ ಹೋಗಿ ತುದಿಯಲ್ಲಿ ಕೂಡುವಲ್ಲಿ ಮುಚ್ಚಳ.

ಆದರೆ ಅತ್ತೆ ತಂದ ಬೆಂಡೆಕಾಯಿಗೆ ತುದಿಯೇ ಇರುತ್ತಿರಲಿಲ್ಲ. ಒಂದೊಂದನ್ನೂ ಮುರಿದು ನೋಡಿಯೇ ಕೊಳ್ಳುವವರು ಅವರು. ಒಂದು ಸಂಜೆ ನಾನು ಹುಡುಗಿಯರ ಚಿತ್ರಗಳನ್ನು ಹರವಿಕೊಂಡು ಕೂತಿದ್ದಾಗ ಬಗ್ಗಿ ನೋಡಿದರು.

"ಇವಕ್ಕ ಮುಚ್ಚಳ ಎಲ್ಲಿ?"

"ತುದಿ ನೀವು ಮುರದೀರಲ್ರಿ ಅತ್ತಿ. ಹುಡುಗ್ಯಾರು ಕಂಡಷ್ಟ ತಗದಾರ."

"ಪಲ್ಯಾ ಮಾಡೂ ಕಾಯಿ ನೋಡಿ ಗಡಗಿ ತಗಿಯೂದು! ಇದಕ್ಕ ಪಗಾರ ಬ್ಯಾರೆ," ಎಂದು ನಗುತ್ತ ಒಳಗೆ ಹೋದರು.

ತಮಾಷೆಯೇ, ಆದರೂ ಚುಚ್ಚಿತು. ನನ್ನ ಕೆಲಸವನ್ನು ಅವರು ಒಮ್ಮೆಯಾದರೂ ಕೆಲಸ ಎಂದಾರೇ ಎಂಬ ಆಸೆ ನನಗಿತ್ತು. ಕೇಳಿ ಪಡೆಯುವ ಮಾತಲ್ಲ ಅದು. ನಾನೂ ಕೇಳಲಿಲ್ಲ, ಅವರೂ ಅನ್ನಲಿಲ್ಲ.

ಆಮೇಲೆ ಮನೆಗೆ ಬಲಿತ ಬೆಂಡೆಕಾಯಿ ಬರತೊಡಗಿದವು. ಪಲ್ಯದಲ್ಲಿ ಬರೀ ನಾರು. ಕೇಳಿದರೆ, "ಕಣ್ಣು ಮಂಜಾಗ್ಯಾವವಾ, ತಿನ್ನು ಸುಮ್ನ," ಅನ್ನುತ್ತಿದ್ದರು. ನಾನು ಮಹಾ ಜವಾಬ್ದಾರಿಯಿಂದ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಓದಿಸಿ, "ಕಣ್ಣು ಭಾಳ ಛಲೋ ಅದಾವ," ಎಂದರು. ಅತ್ತೆ ದಾರಿಯುದ್ದಕ್ಕೂ ಮುಸಿಮುಸಿ ನಕ್ಕರು. ಆ ದಿನಗಳಲ್ಲೇ ಹುಡುಗಿಯರ ಬರಣಿಗಳಿಗೆ ಚೂಪು ಮುಚ್ಚಳ ಬಂದಿತ್ತು. ನೋಡುವುದನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ಎರಡನ್ನೂ ಕೂಡಿಸಿ ನೋಡಲು ಹೊಳೆಯಲೇ ಇಲ್ಲ.

ಇವತ್ತು ಎರಡನೆಯ ಕಾಯಿಗೆ ಕೈ ಹಾಕಿದಾಗ ಗಂಗವ್ವ ನನ್ನ ಮುಖ ನೋಡಿದಳು.

"ಅಮ್ಮಾರ ಸೊಸಿ ಅಲ್ರಿ ನೀವು? ಅವರು ಕಡೀಕಡೀಗೆ ತುದಿ ಮುರೀತಿದ್ದಿಲ್ರಿ. ಬಲತಿದ್ದು ಬರ್ತಾವ್ರಿ, ಮುರದು ನೋಡ್ರಿ ಅಂತ ನಾನ ಅಂತಿದ್ದೆ. 'ಬ್ಯಾಡ ತಗಿ, ಮುಚ್ಚಳ ಇಲ್ಲಂದ್ರ ನಮ್ಮ ಸೊಸಿ ಕೆಲಸ ಕೆಡತೈತಿ' ಅಂತಿದ್ರು."

ಕೆಲಸ! ನನಗೆ ಅನ್ನದ ಮಾತನ್ನು ಕಾಯಿಪಲ್ಯೆಯವಳಿಗೆ ಅಂದಿದ್ದರು. ಅಲ್ಲೇ ಬೀದಿಯಲ್ಲಿ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಕಾಯಿಗಳನ್ನು ಮುರಿಯದೆ ಚೀಲಕ್ಕೆ ತುಂಬಿಕೊಂಡೆ. ಚಂದದವನ್ನು ನಾಳೆಯ ತರಗತಿಗೆ ಎತ್ತಿಟ್ಟು ಮಿಕ್ಕವನ್ನು ಪಲ್ಯ ಮಾಡಿದೆ.

"ಏನಿದು, ಬರೇ ನಾರು?" ಎಂದರು ನಮ್ಮ ಯಜಮಾನರು.

"ಕಣ್ಣು ಮಂಜಾಗ್ಯಾವ್ರಿ," ಎಂದೆ. "ತಿನ್ರಿ ಸುಮ್ನ."