ದೊಡ್ಡಪ್ಪನ ಪಕ್ಕದ ಸೀಟು

ನನ್ನ ಕಿರಿಯ ಮಗನ ಮಗಳು ವಿಮಾನ ಓಡಿಸುತ್ತಾಳೆ. ನಮ್ಮೂರು ಮೆಹಕರದಲ್ಲಿ ಇವತ್ತಿಗೂ ಯಾರೂ ಇದನ್ನು ನಂಬುವುದಿಲ್ಲ. ವಿಮಾನದೊಳಗೆ ಚಹಾ ಕೊಡುತ್ತಾಳೆ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಕಳೆದ ಚಳಿಗಾಲದಲ್ಲಿ ಅವಳು ಇದ್ದಕ್ಕಿದ್ದಂತೆ ಮನೆಗೆ ಬಂದು ಒಳಗಿನ ಕೋಣೆ ಸೇರಿದಳು. ಕೇಳಿದವರಿಗೆಲ್ಲ ಜ್ವರ ಎಂದು ಹೇಳಿದೆ. ಜ್ವರ ಇರಲಿಲ್ಲ.

ಆದದ್ದು ಇಷ್ಟು. ವಿಮಾನ ಓಡಿಸುವವರು ಇಬ್ಬರು. ಒಬ್ಬ ಹಿರಿಯ, ಅವನ ಪಕ್ಕದಲ್ಲಿ ಇವಳು. ಇಳಿಯುವ ಹೊತ್ತಿಗೆ ಅವನು ಗಾಲಿ ಬಿಡು ಎನ್ನಬೇಕು, ಇವಳು ಬಿಡಬೇಕು. ಅವನು ತಾನು ಕಟ್ಟಿಸುತ್ತಿದ್ದ ಮನೆಯ ನೆಲಕ್ಕೆ ಹಾಸುವ ಫರಶಿಯ ಮಾತಿನಲ್ಲಿದ್ದ. ಇಳಿಯುವಾಗ ಅಂಥ ಮಾತು ಆಡಬಾರದೆಂದು ಅವರಲ್ಲಿ ಕಟ್ಟಳೆಯೇ ಇದೆಯಂತೆ. ಗಾಲಿಯ ಮಾತು ಹೇಳಿಯಾಗಿದೆ ಎಂದು ಅವನು ತಿಳಿದಿದ್ದ. ಹೇಳಿಲ್ಲವೆಂದು ಇವಳಿಗೆ ಗೊತ್ತಿತ್ತು. ನೆಲ ಹತ್ತಿರ ಬರುತ್ತಿತ್ತು. ಆಗ ಇವಳು ಏನೆಂದಳು? ಸರ್, ಇವತ್ತು ಬೇಗ ಬಂದೆವಲ್ಲ ಎಂದಳು. ಅವನು ಹೂಂ ಎಂದು ಮತ್ತೆ ಫರಶಿಗೆ ಹೋದ. ಕೊನೆಗೆ ಯಂತ್ರವೇ ಕೂಗಿಕೊಂಡಿತು. ವಿಮಾನವನ್ನು ಮೇಲಕ್ಕೆತ್ತಿ, ಒಂದು ಸುತ್ತು ಹಾಕಿ, ಗಾಲಿ ಬಿಟ್ಟು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ.

ಇಬ್ಬರನ್ನೂ ಕೆಲಸ ಬಿಡಿಸಿ ಕೂರಿಸಿದರು. ಇವಳು ಮತ್ತೆ ಪರೀಕ್ಷೆ ಕೊಡಬೇಕು. ನೆಲದ ಮೇಲೆಯೇ ಇರುವ ಸುಳ್ಳು ವಿಮಾನದಲ್ಲಿ ಹಿರಿಯನೊಬ್ಬ ಬೇಕೆಂದೇ ತಪ್ಪು ಮಾಡುತ್ತಾನೆ, ಇವಳು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ವಿಮಾನದ ಕೆಲಸ ಮುಗಿಯಿತು.

“ಹೇಳಲಿಕ್ಕ ಏನ್ ಧಾಡಿ ಆಗಿತ್ತು ನಿನಗ?” ಎಂದೆ.

“ಹಿರ್ಯಾರು ಮಾತಾಡ್ಲತ್ತಿದ್ರು ಆಯಿ. ನಡಕ ಹ್ಯಾಂಗ ಬಾಯಿ ಹಾಕ್ಲಿ?”

ನಮ್ಮ ಮನೆಯ ಹೆಂಗಸರು ಹಿರಿಯರೊಂದಿಗೆ ನೇರ ಮಾತಾಡುವುದಿಲ್ಲ. ಔರಾದ ಕಡೆಯಿಂದ ಲಗ್ನವಾಗಿ ಬಂದ ಮೇಲೆ ಮಾವನಿಗೆ ಹೇಳಬೇಕಾದ್ದನ್ನೆಲ್ಲ ನಾನು ಕಟ್ಟಿದ ಎಮ್ಮೆಗೆ ಹೇಳಿದವಳು. ರೊಟ್ಟಿ ಆರುತ್ತಿವೆ ಎಂದು ಎಮ್ಮೆಗೆ ಹೇಳಿದರೆ ಮಾವ ಎದ್ದು ಕೈ ತೊಳೆಯುತ್ತಿದ್ದರು. ಒಮ್ಮೆ ಅವರ ಹಾಸಿಗೆಯ ಬಳಿ ಹಾವು ಬಂದಾಗಲೂ ಎಮ್ಮೆಗೇ ಹೇಳಿದೆ. ಮಾವನ ಕಿವಿ ಚುರುಕಿತ್ತು, ಬದುಕಿದರು. ಹುಡುಗಿ ಇದನ್ನು ನೋಡಿಯೇ ಬೆಳೆದಳು. ವಿಮಾನದಲ್ಲಿ ಎಮ್ಮೆ ಇಲ್ಲ.

ಪರೀಕ್ಷೆಗೆ ಹೊರಟ ದಿನ ಬೀದರದ ವಿಮಾನ ನಿಲ್ದಾಣಕ್ಕೆ ಬಿಡಲು ನನ್ನ ಹಿರಿಯ ಮಗ, ಅವಳ ದೊಡ್ಡಪ್ಪ, ಕಾರು ತಂದ. ಅವನದು ಬೀದರದ ಗಾಂಧಿ ಗಂಜಿನಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ತೊಗರಿ ಬರುವ ಕಾಲ, ಫೋನು ಅವನ ಕಿವಿ ಬಿಡುತ್ತಿರಲಿಲ್ಲ. ಅವಳು ಮುಂದೆ ಅವನ ಪಕ್ಕದಲ್ಲಿ, ನಾನು ಹಿಂದೆ. ಮಕ್ಕಳು ಆಡುತ್ತ ತೆಗೆದಾರೆಂದು ಹಿಂದಿನ ಬಾಗಿಲು ಒಳಗಿನಿಂದ ತೆರೆಯದ ಹಾಗೆ ಮಾಡಿದ್ದ. ಗಾಜೂ ಇಳಿಯಲಿಲ್ಲ. ದೊಡ್ಡಿಯಲ್ಲಿ ಕೂಡಿಹಾಕಿದ ಕುರಿಯ ಹಾಗೆ ಕೂತೆ.

ಭಾಲ್ಕಿ ದಾಟಿದ ಮೇಲೆ ಇಳಿಜಾರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿತ್ತು. ನನಗೆ ಕಂಡಿತು. ಅವಳಿಗೂ ಕಂಡಿತು. ಮಗ ಒಂದು ಕೈಯಲ್ಲಿ ಫೋನು ಹಿಡಿದು ತೊಗರಿಯ ದರಕ್ಕೆ ಜಗಳಾಡುತ್ತಿದ್ದ.

“ದೊಡಪ್ಪ, ಈ ಸಲ ಕಬ್ಬು ಭಾಳ ಅದರಿ,” ಎಂದಳು.

ಅವನು ಹೂಂ ಎಂದ. ಫೋನಿಗೋ ಅವಳಿಗೋ ತಿಳಿಯಲಿಲ್ಲ. ಕಾರು ಹೋಗುತ್ತಲೇ ಇತ್ತು.

ನಾನು ಹೆತ್ತ ತಾಯಿ, ನನಗೇನು ಅಡ್ಡಿ? ಬಾಯಿ ತೆರೆದೆ. ಗಂಟಲಿನಿಂದ ಗಾಳಿಯಷ್ಟೇ ಬಂತು. ಬಾಗಿಲಿನ ಹಿಡಿಕೆ ಎಳೆದೆ, ಅದು ಜಗ್ಗಲಿಲ್ಲ.

“ದೊಡಪ್ಪ, ಫೋನ್ ಇಡ್ರಿ. ಬ್ರೇಕ್ ಹಾಕ್ರಿ. ಈಗೇ.”

ದನಿ ಏರಿಸಲಿಲ್ಲ. ಆದರೂ ಮಗ ಬೆಚ್ಚಿ ಬ್ರೇಕ್ ತುಳಿದ. ಕಬ್ಬಿನ ತುದಿಗಳು ಮುಂದಿನ ಗಾಜನ್ನು ಕೆರೆದು ನಿಂತವು. ಫೋನು ಅವನ ಕಾಲ ಬಳಿ ಬಿದ್ದು ಇನ್ನೂ ದರ ಹೇಳುತ್ತಿತ್ತು.

“ನನಗ ಕಂಡಿದ್ದಿಲ್ಲೇನು?” ಎಂದ ಅವನು, ಉಸಿರು ಬಂದ ಮೇಲೆ. “ನನಗ ಗಾಡಿ ಹೊಡ್ಯಾದು ಕಲಸ್ತಿ?”

“ಕಂಡಿದ್ದಿಲ್ರಿ,” ಎಂದಳು.

ಅಲ್ಲಿಂದ ಬೀದರದವರೆಗೆ ಅವನು ಅವಳ ಕಡೆ ನೋಡಲಿಲ್ಲ. ಈ ಮಗನಿಗೆ ಎದುರಾಡಿದವರು ನಮ್ಮ ಮನೆಯಲ್ಲಿ ಸುಖವಾಗಿ ಉಂಡಿಲ್ಲ, ಅದು ಅವಳಿಗೂ ಗೊತ್ತು. ಹಿಂದಿನಿಂದ ಅವಳ ಕುತ್ತಿಗೆ ಬೆವರಿದ್ದು ಕಾಣುತ್ತಿತ್ತು.

ನಿಲ್ದಾಣದಲ್ಲಿ ಅವನು ಕೆಳಗಿಳಿಯಲಿಲ್ಲ. ಚೀಲವನ್ನು ಅವಳೇ ಇಳಿಸಿಕೊಂಡು, ಹೊರಗಿನಿಂದ ನನ್ನ ಬಾಗಿಲು ತೆರೆದಳು. ಹೋಗಿ ಬರುತ್ತೇನೆ ಎನ್ನಲು ಅವನ ಕಿಟಕಿಗೆ ಬಗ್ಗಿದರೆ ಅವನು ಗಾಜು ಇಳಿಸಲಿಲ್ಲ. ಪರೀಕ್ಷೆಯಲ್ಲಿ ಬಾಯಿ ಬಿಡುತ್ತೀಯಾ ಎಂದು ನಾನು ಕೇಳಿದೆ.

“ಅಲ್ಲಿ ನನ್ನ ಪಕ್ಕಕ ಕೂಡಾವ ನಮ್ಮ ದೊಡಪ್ಪ ಅಲ್ಲಲ್ಲ ಆಯಿ,” ಎಂದು ಒಳಗೆ ಹೋದಳು.

ತಿರುಗಿ ಬರುವಾಗ ನಾನು ಮತ್ತೆ ಹಿಂದೆಯೇ ಕೂತೆ. ಭಾಲ್ಕಿಯವರೆಗೂ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಅದನ್ನು ಎತ್ತಲೂ ಇಲ್ಲ, ಬಂದ್ ಮಾಡಲೂ ಇಲ್ಲ.