ವೀರಪ್ಪನ ಏಳು ಮಡಕೆ, ಕಿಟ್ಟುವಿನ ಎರಡು

ನಾನು ಮದರಾಸಿನ ವಡಪಳನಿಯ ಸಿನಿಮಾ ಸ್ಟುಡಿಯೋ ಒಂದರಲ್ಲಿ ಟೈಪಿಸ್ಟ್ ಆಗಿ ಸೇರಿದ್ದು ೧೯೫೬ರ ಆಡಿ ತಿಂಗಳಲ್ಲಿ. ಆಡಿಯೆಂದರೆ ಆಷಾಢ, ಅದರಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದು ಎಂದು ನಮ್ಮಮ್ಮ ಗೊಣಗಿದಳು. ಆದರೆ ಸ್ಟುಡಿಯೋದವರಿಗೆ ತುರ್ತಿತ್ತು, ನನಗೆ ಅದಕ್ಕಿಂತ ತುರ್ತಿತ್ತು. ಆಫೀಸಿನಲ್ಲಿ ಜಾಗ ಸಾಲದೆ ನನ್ನ ಮೇಜನ್ನು ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಹಾಕಿಕೊಟ್ಟರು. ಹೀಗಾಗಿ ಆ ಇಡೀ ಸ್ಟುಡಿಯೋದಲ್ಲಿ ನನಗೆ ಮೊದಲು ಪರಿಚಯವಾದವರು ನಟರಲ್ಲ, ಗ್ಯಾರೇಜು ನೋಡಿಕೊಳ್ಳುತ್ತಿದ್ದ ಸುಬ್ರಾಯರು.

ಅವರಿಗೆ ಆಗ ಐವತ್ತರ ಹತ್ತಿರ. ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದ ಮಾಧ್ವ ಮನೆತನ. ಅಣ್ಣತಮ್ಮಂದಿರೆಲ್ಲ ಫೈಲು, ಲೆಡ್ಜರು ಹಿಡಿದರೆ ಇವರೊಬ್ಬರು ಸ್ಪ್ಯಾನರು ಹಿಡಿದರು. ಹಣೆಯಲ್ಲಿ ಅಂಗಾರ ಅಕ್ಷತೆ, ಉಗುರಿನಲ್ಲಿ ಗ್ರೀಸು. ಎರಡನ್ನೂ ದಿನಾ ತಪ್ಪದೆ ಧರಿಸುತ್ತಿದ್ದರು ಎಂದು ಅವರ ಹೆಂಡತಿ ಭೀಮಾಬಾಯಿ ಹಾಸ್ಯ ಮಾಡುತ್ತಿದ್ದರು. ಸ್ಟುಡಿಯೋಗೆ ಸೇರಿದ ಹನ್ನೊಂದು ಗಾಡಿಗಳೂ ಅವುಗಳ ಡ್ರೈವರುಗಳೂ ಸುಬ್ರಾಯರ ಸುಪರ್ದಿನಲ್ಲಿದ್ದವು. ಗಾಡಿ ಕೆಮ್ಮಿದರೆ ಏನಾಗಿದೆಯೆಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದರು. ಡ್ರೈವರು ಕೆಮ್ಮಿದರೂ ಹಾಗೇ.

ಆಗ ಮದರಾಸಿನಲ್ಲಿ ಪಾನನಿಷೇಧ. ಹೆಂಡವಿಲ್ಲ, ಸಾರಾಯಿಯಿಲ್ಲ, ಗಾಂಜಾವೂ ಕೂಡದು. ಕಾಗದದ ಮೇಲೆ ಎಲ್ಲವೂ ನಿಂತಿತ್ತು. ಆದರೆ ಕುಡಿಯಬೇಕೆಂದವನಿಗೆ ಕಳ್ಳಭಟ್ಟಿ ಸಿಗುತ್ತಿತ್ತು, ಸೇದಬೇಕೆಂದವನಿಗೆ ಊರೂರು ತಿರುಗುವ ಬೈರಾಗಿಗಳ ಚಿಲುಮೆ ಸಿಗುತ್ತಿತ್ತು. ನಮ್ಮ ಗ್ಯಾರೇಜಿನಲ್ಲಿ ಎರಡಕ್ಕೂ ಒಬ್ಬೊಬ್ಬ ಭಕ್ತನಿದ್ದ. ಕಳ್ಳಭಟ್ಟಿಯ ಕಡೆ ವೀರಪ್ಪ, ದಾವಣಗೆರೆಯವನು, ಲಾರಿ ಓಡಿಸಿ ಪಳಗಿದ ಗಟ್ಟಿ ಆಳು, ದೊಡ್ಡ ಗಂಟಲು. ಚಿಲುಮೆಯ ಕಡೆ ಕಿಟ್ಟು, ಸುಬ್ರಾಯರ ದೂರದ ನೆಂಟ, ಮದರಾಸಿನಲ್ಲೇ ಹುಟ್ಟಿದವನು. ಮೂವತ್ತು ದಾಟಿದ್ದರೂ ಮದುವೆಯ ಯೋಚನೆಯಿರಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರೂ ನಮ್ಮ ಡ್ರೈವರುಗಳೇ, ಪ್ರಾಣಸ್ನೇಹಿತರು. ಯಾರ ಚಟ ಮೇಲು ಎಂಬ ಒಂದೇ ವಿಷಯದಲ್ಲಿ ಅವರಿಗೆ ಜಗಳ.

೧೯೫೮ರ ಮಾಘದಲ್ಲಿ ಪೋರೂರು ಕೆರೆಯ ದಂಡೆಯಲ್ಲಿ ಒಂದು ಪೌರಾಣಿಕ ಸಿನಿಮಾದ ಚಿತ್ರೀಕರಣವಿತ್ತು. ಬೆಳಗಿನ ಹೊತ್ತು, ದಾರಿಯಲ್ಲಿ ನರಪಿಳ್ಳೆಯಿರಲಿಲ್ಲ. ಆದರೂ ವೀರಪ್ಪ ಓಡಿಸುತ್ತಿದ್ದ ವೇಷಭೂಷಣದ ವ್ಯಾನು ಏರಿಯಿಂದ ಇಳಿದು ನೇರ ಗದ್ದೆಗೆ ಹೋಗಿ ಕೂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಿಗೆಗಳು ಬಿಚ್ಚಿಕೊಂಡು ಕಿರೀಟ, ಗದೆ, ಇಪ್ಪತ್ತು ಜೊತೆ ಭುಜಕೀರ್ತಿ ನೀರಿನಲ್ಲಿ ತೇಲಿದವು. ಇಂದ್ರನ ಪಾತ್ರಧಾರಿ ಪಂಚೆ ಎತ್ತಿ ಕಟ್ಟಿಕೊಂಡು ಗದ್ದೆಗಿಳಿದು ತನ್ನ ಕಿರೀಟವನ್ನು ತಾನೇ ಹೆಕ್ಕಿಕೊಳ್ಳಬೇಕಾಯಿತು.

ಮಾಲೀಕರು ವೀರಪ್ಪನನ್ನು ಅಂದೇ ಮನೆಗೆ ಕಳಿಸಿ ಎಂದರು. ಸುಬ್ರಾಯರು ಹತ್ತು ದಿನದ ಗಡುವು ಕೇಳಿದರು. "ಇವನನ್ನ ತೆಗೆದ್ರೆ ಇನ್ನೊಬ್ಬ ಬರ್ತಾನೆ ಸಾರ್. ಅವನೂ ಏನು ಕುಡೀತಾನೋ ಯಾರಿಗೆ ಗೊತ್ತು? ಇವನದ್ದಾದ್ರೆ ನನಗೆ ಗೊತ್ತಿದೆ" ಎಂದರಂತೆ.

ಮರುದಿನ ಗ್ಯಾರೇಜಿನಲ್ಲಿ ಪಂಚಾಯ್ತಿ ಸೇರಿತು.

ಕಿಟ್ಟು ಹೇಳಿದ: "ನಾನು ಓಡಿಸಿದ್ರೆ ಹೀಗಾಗ್ತಾನೇ ಇರ್ಲಿಲ್ಲ ಮಾಮ, ಸತ್ಯಮಾ! ಕುಡಿದವನಿಗೆ ತಲೆ ಸೂಡಾಗತ್ತೆ. ನನ್ನದು ಹಾಗಿಲ್ಲೆ. ಸೇದಿದ್ರೆ ಮನಸ್ಸು ಶಾಂತ. ಮೆದುವಾ ಹೋಗ್ತೀನಿ, ಇರುವೆಗೂ ದಾರಿ ಬಿಡ್ತೀನಿ."

ವೀರಪ್ಪ ಗುಡುಗಿದ: "ಇರುವೆಗೆ ದಾರಿ ಬಿಟ್ಕಂತ ನಿಂತ್ರೆ ಗಾಡಿ ಊರು ಮುಟ್ಟೋದು ಯಾವಾಗಲೇ? ರಾಯರೇ, ಕುಡಿದಾಗ ನನ್ನ ಕೈ ಇನ್ನೂ ಚುರುಕಾಗತೈತಿ. ನಿನ್ನೆ ಆಗಿದ್ದು ಗ್ರಹಚಾರ, ಅಷ್ಟೇ."

ಸುಬ್ರಾಯರು ಬೈಯಲಿಲ್ಲ. ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡರು. "ಬಾಯಿಮಾತು ಯಾಕೆ? ನೋಡೇಬಿಡೋಣ. ಬರೋ ಭಾನುವಾರ ಶೂಟಿಂಗಿಲ್ಲ, ಹಿಂದಿನ ಮೈದಾನ ಖಾಲಿ. ಬೆಳಿಗ್ಗೆ ಒಂದು ಸಲ ಬರೀ ಕಾಫಿ ಕುಡಿದು ಓಡಿಸಿ. ಮಧ್ಯಾಹ್ನ ನಿಮ್ಮ ನಿಮ್ಮ ರೂಢಿಯಂತೆ ಬಂದು ಓಡಿಸಿ. ನಾನಾಗಿ ಒಂದು ತೊಟ್ಟೂ ತಂದುಕೊಡಲ್ಲ, ಎಲ್ಲಿ ಸಿಕ್ತು ಅಂತ ಕೇಳೋದೂ ಇಲ್ಲ. ಜಯ, ನೀನು ಕಾಗದ ಪೆನ್ಸಿಲು ತೊಗೊಂಡು ಬಾಮ್ಮ. ನಮ್ಮಲ್ಲಿ ಪಕ್ಷಪಾತವಿಲ್ಲದವಳು ನೀನೊಬ್ಬಳೇ."

ಹಾಗೆ ನಾನು ಆ ಭಾನುವಾರ ಕೊಡೆ ಹಿಡಿದುಕೊಂಡು ಮೈದಾನದಲ್ಲಿ ಕೂತೆ. ಸುಬ್ರಾಯರು ಸುಣ್ಣದ ಪುಡಿಯಲ್ಲಿ ಒಂದು ಅಂಕುಡೊಂಕು ದಾರಿ ಎಳೆದು, ಎರಡೂ ಅಂಚಿಗೆ ಒಟ್ಟು ಇಪ್ಪತ್ತು ಮಣ್ಣಿನ ಮಡಕೆ ಇಟ್ಟಿದ್ದರು. ದಾರಿಯ ಕೊನೆಗೆ ಒಂದು ತಡಿಕೆ. ಅದರ ಹಿಂದೆ ಸೆಟ್ಟಿನವರು ರಟ್ಟಿನಲ್ಲಿ ಮಾಡಿ ಕಪ್ಪು ಬಣ್ಣ ಬಳಿದಿದ್ದ ಎಮ್ಮೆ, ಕಾಲಿಗೆ ಚಕ್ರ, ಕೊರಳಿಗೆ ಹಗ್ಗ. ಹಗ್ಗದ ತುದಿ ಗೇಟು ಕಾಯುವ ಪಂಢರಿನಾಥರ ಕೈಯಲ್ಲಿ. ಕುಂಟುಗಾಲಿನ, ಹಸನ್ಮುಖದ ಮುದುಕ ಅವರು. ಗಾಡಿ ಹತ್ತಿರ ಬಂದಾಗ ತಮಗೆ ತೋಚಿದ ಕ್ಷಣದಲ್ಲಿ ಎಮ್ಮೆಯನ್ನು ದಾರಿಗೆ ಎಳೆಯಬೇಕು. ಅವರು ಗೇಟಿಗೆ ಬೀಗ ಹಾಕಿ, ನನ್ನನ್ನೂ ಮಿಕ್ಕ ಡ್ರೈವರುಗಳನ್ನೂ ಕಟ್ಟೆಯ ಮೇಲೆ ಕೂರಿಸಿದರು. ಗಾಡಿ ಒಂದು ಹಳೇ ಮಿಲಿಟರಿ ಜೀಪು. ಓಡಿಸುವವನ ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಸುಬ್ರಾಯರು ಕೂರುವುದೆಂದಾಯಿತು.

ಬೆಳಿಗ್ಗೆ ಇಬ್ಬರೂ ಚಿನ್ನದಂಥ ಡ್ರೈವರುಗಳು. ವೀರಪ್ಪ ಒಂದೂ ಮಡಕೆ ಮುಟ್ಟಲಿಲ್ಲ. ಕಿಟ್ಟುವೂ ಮುಟ್ಟಲಿಲ್ಲ. ಎಮ್ಮೆ ಬಂದಾಗ ಇಬ್ಬರೂ ಎರಡು ಮಾರು ಮುಂಚೆಯೇ ನಿಲ್ಲಿಸಿದರು. "ಬರ್ಕೋಮ್ಮ ಜಯ. ಇವರು ನಿಜವಾಗಿ ಎಂಥ ಡ್ರೈವರುಗಳು ಅನ್ನೋದು ಇದು" ಎಂದರು ಸುಬ್ರಾಯರು.

ಮಧ್ಯಾಹ್ನ ಎರಡಕ್ಕೆ ವೀರಪ್ಪ ಬಂದ. ಮೀಸೆ ಹುರಿ ಮಾಡಿಕೊಂಡು, ಜೀಪಿಗೆ ಒಂದು ಏಟು ಕೊಟ್ಟು ಹತ್ತಿದ. ಬೆಳಗಿಗಿಂತ ಎರಡರಷ್ಟು ಜೋರಾಗಿ ಹೊರಟ. ಮೊದಲ ತಿರುವಿನಲ್ಲೇ ಟಪ್, ಟಪ್, ಟಪ್! ಮೂರು ಮಡಕೆ. ಕಟ್ಟೆಯ ಮೇಲಿದ್ದವರು ಹೋ ಎಂದರು. ಅವನು ಅದನ್ನು ಚಪ್ಪಾಳೆಯೆಂದುಕೊಂಡು ಇನ್ನೂ ಒತ್ತಿದ. ಮತ್ತೆ ನಾಲ್ಕು ಹೋದವು. ಎಮ್ಮೆ ಬಂತು. ಅವನು ಅದನ್ನು ನೋಡಿದ, ನಾವೂ ನೋಡಿದೆವು. ಆದರೆ ನಿಲ್ಲಿಸುವ ಬದಲು ಪಕ್ಕದಿಂದ ನುಸುಳಿ ಹೋಗಲು ನೋಡಿದ. ಎಮ್ಮೆಯ ಹಿಂಭಾಗ ಹಾರಿ ನನ್ನ ಕೊಡೆಯ ಹತ್ತಿರ ಬಿತ್ತು. ಸುಬ್ರಾಯರು ಬ್ರೇಕು ಎಳೆದು ಜೀಪು ನಿಲ್ಲಿಸಿದರು.

"ಹೆಂಗೆ ರಾಯರೇ? ಒಂದನ್ನೂ ಮುಟ್ಟಲಿಲ್ಲ!" ಎಂದ ವೀರಪ್ಪ.

"ಏಳು ಮಡಕೆ, ಅರ್ಧ ಎಮ್ಮೆ" ಎಂದು ನಾನು ಓದಿದೆ. ಅವನಿಗೆ ನಂಬಿಕೆ ಬರದೆ ಕೆಳಗಿಳಿದು ಚೂರುಗಳನ್ನು ಎಣಿಸಿದ. ಎಣಿಸುವಾಗ ಎರಡು ಸಲ ತಪ್ಪಿತು.

ಎಮ್ಮೆಯನ್ನು ಹಗ್ಗದಲ್ಲಿ ಬಿಗಿದು ಮತ್ತೆ ನಿಲ್ಲಿಸಿ, ಒಡೆದ ಮಡಕೆಗಳ ಜಾಗಕ್ಕೆ ಬೇರೆ ಇಟ್ಟ ಮೇಲೆ ಕಿಟ್ಟು ಬಂದ. ಕಣ್ಣು ಕೆಂಪಗೆ, ಮುಖದಲ್ಲಿ ಮಂದಹಾಸ. ಎಲ್ಲರಿಗೂ ಕೈ ಮುಗಿದು ಹತ್ತಿದ. ಜೀಪು ಎತ್ತಿನ ಗಾಡಿಗಿಂತ ಮೆಲ್ಲಗೆ ಹೊರಟಿತು. ನೋಡಿದರೆ ಗೆದ್ದೇಬಿಟ್ಟ ಎನಿಸಿತು. ನಡುವೆ ಸುಣ್ಣದ ಗೆರೆಯ ಈಚೆಗೊಮ್ಮೆ ಆಚೆಗೊಮ್ಮೆ ವಾಲಿದ್ದು ನಿಜ, ಎರಡು ಮಡಕೆಯೂ ಹೋದವು. ಆದರೆ ಏಳೆಲ್ಲಿ, ಎರಡೆಲ್ಲಿ? ಡ್ರೈವರುಗಳು ಆಗಲೇ "ಕಿಟ್ಟುಗೆ ಜೈ" ಎಂದು ಕೂಗತೊಡಗಿದರು.

ಪಂಢರಿನಾಥರು ಹಗ್ಗ ಎಳೆದರು. ಎಮ್ಮೆ ಈ ಸಲ ಬಲಗಡೆಯಿಂದ ಬಂತು. ಕಿಟ್ಟು ಅದನ್ನು ನೋಡಿದ, ತಲೆ ವಾರೆ ಮಾಡಿ ಇನ್ನೊಮ್ಮೆ ನೋಡಿದ. "ಕಣ್ಣು ಎಷ್ಟು ಚೆನ್ನಾಗಿ ಬರ್ದಿದಾರೆ ಮಾಮ" ಎಂದ. ಅಷ್ಟರಲ್ಲಿ ಜೀಪಿನ ಮುಂದಿನ ಚಕ್ರ ಎಮ್ಮೆಯ ಮೇಲಿತ್ತು. ಅವನ ಕಾಲು ಬ್ರೇಕು ಹುಡುಕಿಕೊಂಡು ಹೋಗುವ ಮೊದಲೇ ಸುಬ್ರಾಯರ ಕೈ ಹ್ಯಾಂಡ್‌ಬ್ರೇಕು ಎಳೆದಾಗಿತ್ತು. ನಾವು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡೆವು. ಕಿಟ್ಟುವೂ ನಕ್ಕ. ಆಮೇಲೆ ಕೆಳಗಿಳಿದು ಚಪ್ಪಟೆಯಾದ ಎಮ್ಮೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಇನ್ನೊಂದು ಚಾನ್ಸು ಕೊಡಿ ಮಾಮ, ಅಮಲು ಇಳಿದ ಮೇಲೆ" ಎಂದ. ಕೊಟ್ಟರು. ಐದು ಗಂಟೆಗೆ ತಲೆ ತಿಳಿಯಾಗಿದೆ ಎಂದು ಅವನೇ ಬಂದು ಹತ್ತಿದ. ಮಡಕೆ ಒಡೆಯಲಿಲ್ಲ. ಆದರೆ ಚಕ್ರ ನಾಲ್ಕು ಸಲ ಗೆರೆ ದಾಟಿತು. ಬೆಳಿಗ್ಗೆ ಒಮ್ಮೆಯೂ ದಾಟಿರಲಿಲ್ಲ.

"ಈಗ ಹೇಳಿ ರಾಯರೇ, ಯಾರದು ಮೇಲು?" ಎಂದು ವೀರಪ್ಪ ಕೇಳಿದ. ಅವನ ದನಿ ಅರ್ಧಕ್ಕಿಳಿದಿತ್ತು.

"ಲೆಕ್ಕ ನೋಡಿದ್ರೆ ನಿಂದು ಜಾಸ್ತಿ ಅಪಾಯವಪ್ಪ. ಕುಡಿದವನಿಗೆ ಧೈರ್ಯ ಬರತ್ತೆ, ಬುದ್ಧಿ ಹೋಗತ್ತೆ, ಹೋಗಿದ್ದು ಗೊತ್ತೂ ಆಗಲ್ಲ. ಕಿಟ್ಟುಗೆ ತಾನು ಸರಿಯಿಲ್ಲ ಅಂತ ಗೊತ್ತು, ಅದಕ್ಕೇ ಮೆಲ್ಲಗೆ ಹೋಗ್ತಾನೆ. ಅದರಿಂದ ಮಡಕೆ ಉಳೀತು. ಆದರೆ ಎಮ್ಮೆ ಉಳೀಲಿಲ್ಲ. ನೀನು ನೋಡಿ ಹೊಡೆದೆ, ಅವನು ನೋಡ್ತಾ ನೋಡ್ತಾ ಹೊಡೆದ. ಎಮ್ಮೆಗೇನು ವ್ಯತ್ಯಾಸ?"

ಕಿಟ್ಟು ತಲೆ ತಗ್ಗಿಸಿಕೊಂಡೇ ಹೇಳಿದ: "ಪೋರೂರಿನ ದಿನದ್ದೂ ಹೇಳ್ಬಿಡು ವೀರಪ್ಪ."

ವೀರಪ್ಪ ಕತ್ತು ಕೆರೆದುಕೊಂಡ. "ಅವತ್ತು ನನ್ನ ಭಟ್ಟೀನೂ ಆಗಿತ್ತು ರಾಯರೇ. ಮೇಲೆ ಇವನ ಚಿಲುಮೇಲೂ ಎರಡು ದಮ್ಮು ಎಳೆದಿದ್ದೆ. ಹೆಂಗಿರತೈತಿ ನೋಡಾನಾ ಅಂತ."

"ಅದಕ್ಕೇ ಗದ್ದೆ!" ಎಂದು ಸುಬ್ರಾಯರು ಹಣೆ ಚಚ್ಚಿಕೊಂಡರು. "ಒಂದೊಂದೇ ಸಾಲದು ಅಂತ ಎರಡನ್ನೂ ಸೇರಿಸಿದೆಯೇನೋ ಮಾರಾಯ? ಬರ್ಕೋಮ್ಮ ಜಯ. ಎಲ್ಲಕ್ಕಿಂತ ಮೇಲೆ ಅದನ್ನೇ ಬರ್ಕೋ."

ಬೈಯಿಸಿಕೊಂಡ ಕೋಪಕ್ಕೋ ಏನೋ ವೀರಪ್ಪ ಒಂದು ಮಾತು ಎಸೆದ: "ನೀವು ಸಂಧ್ಯಾವಂದನೆ ಮಾಡೋರು. ಕುಡಿತದ ವಿಷಯ ನಿಮಗೇನು ಗೊತ್ತಾಗತೈತಿ?"

ಎಮ್ಮೆಯ ಹಗ್ಗ ಸುತ್ತುತ್ತಿದ್ದ ಪಂಢರಿನಾಥರು ಹೇಳಿದರು: "ಯುದ್ಧದ ಕಾಲದಲ್ಲಿ ನಾವಿಬ್ರೂ ಅಸ್ಸಾಮಿನಲ್ಲಿ ಮಿಲಿಟರಿ ಲಾರೀಲಿದ್ವಿ. ಸಂಜೆಗೆ ರಮ್ಮು ಕೊಡ್ತಿದ್ರು. ಒಂದಿನ ರಾಯರು ನನ್ನ ಪಾಲಿನದನ್ನೂ ಕುಡಿದು, ಏನೂ ಆಗಿಲ್ಲ ಬಾ ಅಂತ ಲಾರಿ ಹತ್ತಿಸಿಕೊಂಡ್ರು. ಮೋರಿ ಕಟ್ಟೆಗೆ ಹೊಡೆದ್ರು. ಈ ಕಾಲು ಅಲ್ಲಿಯದು."

ಎಲ್ಲರ ಕಣ್ಣೂ ಆ ಕಾಲಿನ ಮೇಲೆ ಹೋಯಿತು. ಪಂಢರಿನಾಥರಿಗೇ ಅದನ್ನು ಸಹಿಸಲಾಗಲಿಲ್ಲವೆಂದು ಕಾಣುತ್ತದೆ. "ಅಯ್ಯೋ, ಯಾಕ್ರಪ್ಪ ಮುಖ ಹೀಗೆ? ಇವರು ಅವತ್ತಿಂದ ರಮ್ಮು ಬಿಟ್ರು. ನಾನು ಅವತ್ತಿಂದ ನನ್ನ ಪಾಲಿನದನ್ನ ಯಾರಿಗೂ ಕೊಡೋದು ಬಿಟ್ಟೆ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಸುಬ್ರಾಯರೂ ನಕ್ಕರು, ಆದರೆ ಸ್ನೇಹಿತನ ಹೆಗಲ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಸೋಮವಾರ ಅವರು ನನ್ನಿಂದ ಒಂದು ಚೀಟಿ ಟೈಪು ಮಾಡಿಸಿ ಗೋಡೆಗೆ ಅಂಟಿಸಿದರು. ಗಾಡಿಗಳ ಬೀಗದಕೈ ಇನ್ನು ಗ್ಯಾರೇಜಿನ ಮೊಳೆಗಳಲ್ಲೇ ಇರತಕ್ಕದ್ದು. ಈ ದಿನ ಓಡಿಸಲಾರೆ ಎಂದವನು ತನ್ನ ಬೀಗದಕೈಯನ್ನು ಸುಬ್ರಾಯರಿಗೆ ಕೊಟ್ಟು ಗೋದಾಮಿನ ಕೆಲಸಕ್ಕೆ ಹೋಗತಕ್ಕದ್ದು. ಸಂಬಳ ಕಡಿತವಿಲ್ಲ, ಕಾರಣ ಕೇಳುವುದಿಲ್ಲ. ಕೊಡದೆ ಹತ್ತಿದವನಿಗೆ ಮಾತ್ರ ಕೆಲಸವಿಲ್ಲ. ಮಾಲೀಕರು ಇದೇನು ಸೋಮಾರಿಗಳಿಗೆ ಹಬ್ಬವೇ ಎಂದು ಕೇಳಿದರು. ಆದರೆ ಗೋದಾಮಿನಲ್ಲಿ ಮರದ ಹಲಗೆ ಹೊರುವುದು ಹಬ್ಬವೇನಲ್ಲ. ಮೊದಲ ತಿಂಗಳು ವೀರಪ್ಪ ಒಂಬತ್ತು ದಿನ ಹಲಗೆ ಹೊತ್ತ. ಎರಡನೆಯ ತಿಂಗಳು ನಾಲ್ಕು. ಕಿಟ್ಟು ಮಾತ್ರ ಡ್ರೈವರಿಕೆಯನ್ನೇ ಬಿಟ್ಟು ಸೆಟ್ಟಿಗೆ ಬಣ್ಣ ಬಳಿಯುವವರ ಜೊತೆ ಸೇರಿಕೊಂಡ. ಅಲ್ಲಿ ಎಷ್ಟು ಮೆಲ್ಲಗೆ ಕೆಲಸ ಮಾಡಿದರೂ ಯಾರಿಗೂ ಪೆಟ್ಟಾಗುವ ಭಯವಿರಲಿಲ್ಲ.

ವೀರಪ್ಪ ಪೂರಾ ಬಿಟ್ಟ ಎಂದು ಹೇಳಿದರೆ ಸುಳ್ಳಾದೀತು. ೧೯೬೪ರಲ್ಲಿ ಅವನ ಮಗಳು ಸರ್ವಮಂಗಳೆಯ ಮದುವೆ ಪುರಸೈವಾಕ್ಕಂನ ಛತ್ರವೊಂದರಲ್ಲಿ ನಡೆಯಿತು. ಊಟವಾದ ಮೇಲೆ ಮದುಮಕ್ಕಳನ್ನು ಬೀಗರ ಮನೆಗೆ ತಾನೇ ಕಾರಿನಲ್ಲಿ ಬಿಡುವುದೆಂದು ಅವನು ತಿಂಗಳಿನಿಂದ ಹೇಳಿಕೊಂಡು ತಿರುಗಿದ್ದ. ಸ್ಟುಡಿಯೋದವರು ದೊಡ್ಡ ಕಾರನ್ನು ಹೂವಿನಿಂದ ಸಿಂಗರಿಸಿ ಕಳಿಸಿದ್ದರು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಹೊರಗೆ ಬಂದರೆ ವೀರಪ್ಪ ಮಾತ್ರ ಕಾರಿನ ಹತ್ತಿರ ಹೋಗದೆ, ಜರಿಪೇಟ ಸರಿಮಾಡಿಕೊಳ್ಳುತ್ತ ಸುಬ್ರಾಯರ ಮುಂದೆ ಬಂದು ನಿಂತ. ಅವನ ಕಣ್ಣು ತುಂಬಿತ್ತು.

"ಸಂತೋಷಕ್ಕೆ ಒಂಚೂರು ಆಗೈತಿ ರಾಯರೇ" ಎಂದು ಬೀಗದಕೈಯನ್ನು ಅವರ ಅಂಗೈಯಲ್ಲಿಟ್ಟ. ಬೀಗರು ನೋಡುತ್ತಿದ್ದರು, ನೂರು ಜನ ನೋಡುತ್ತಿದ್ದರು.

ಸುಬ್ರಾಯರು ಏನೂ ಕೇಳಲಿಲ್ಲ. ಮಡಿಪಂಚೆಯಲ್ಲೇ ಕಾರು ಹತ್ತಿ, "ಮುಂದೆ ಬಂದು ಕೂತ್ಕೋ ವೀರಪ್ಪ, ದಾರಿ ಹೇಳು" ಎಂದರು. ಮಗಳು ಹಿಂದಿನಿಂದ ಬಗ್ಗಿ ಅಪ್ಪನ ಪೇಟ ನೆಟ್ಟಗೆ ಮಾಡಿದಳು. ಕಾರು ಹೊರಟು ಬಜಾರಿನ ಜನದ ನಡುವೆ ಮೆಲ್ಲಗೆ ಹೋಯಿತು. ವೀರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ತನ್ನ ಆ ದೊಡ್ಡ ಗಂಟಲಲ್ಲಿ, "ದಾರಿ ಬಿಡ್ರಪ್ಪೋ, ನನ್ನ ಮಗಳು ಹೊಂಟಾಳ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.